ಎರಡು ನೂರ ಹದಿನಾಲ್ಕು ಕೋಟಿಯ ಗುಟ್ಟು
(ಸುವರ್ಣ ಮಹೋತ್ಸವದ ಸಮಾರಂಭದಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ಮಾಡಿದ ಭಾಷಣ)



ನಮ್ಮ ಶಾಲೆಗೆ ಐವತ್ತು ತುಂಬಿತು. ನಾನು ಮಾತ್ರ ಇವತ್ತು ಬೇರೊಂದು ಸಂಖ್ಯೆಯ ಬಗ್ಗೆ ಹೇಳುತ್ತೇನೆ: 2,14,74,83,647.

ಜನವರಿ ಒಂದನೇ ತಾರೀಖು ಒಂದು ರಾಗಿ ಕಾಳು ಇಡಿ. ಮಾರನೆಯ ದಿನ ಎರಡು, ಅದರ ಮಾರನೆಯ ದಿನ ನಾಲ್ಕು. ಹೀಗೆ ದಿನಾ ಇಮ್ಮಡಿ ಮಾಡುತ್ತಾ ಹೋದರೆ 31ನೇ ತಾರೀಖಿಗೆ ಒಟ್ಟು ಕಾಳು ಸರಿಯಾಗಿ ಇಷ್ಟೇ. 31 ಎರಡುಗಳನ್ನು ಗುಣಿಸಿ ಒಂದು ಕಳೆದರೂ ಇದೇ ಬರುತ್ತದೆ.

ನಮ್ಮ ಗಣಿತ ಮೇಷ್ಟ್ರು ಬೋರ್ಡಿನ ಮೇಲೆ ದೊಡ್ಡ ಸಂಖ್ಯೆ ಬರೆದು, "ಗಾತ್ರ ನೋಡಿ ಹೆದರಬೇಡ್ರೋ, ಗುಣ ನೋಡಿ" ಎನ್ನುತ್ತಿದ್ದರು. ನೋಡೋಣ. ಕೊನೆಯ ಅಂಕಿ 7. ಹಾಗಾಗಿ ಬೆಸ, 5ರಿಂದಲೂ ಭಾಗವಾಗದು. ಅಂಕಿಗಳ ಮೊತ್ತ 46, 3ರಿಂದಲೂ ಇಲ್ಲ. ಆದರೆ ಅವಿಭಾಜ್ಯ ಎನ್ನಲು 46,340ರವರೆಗಿನ ಅವಿಭಾಜ್ಯಗಳನ್ನೆಲ್ಲ ಪರೀಕ್ಷಿಸಬೇಕು. 62ರಿಂದ ಭಾಗಿಸಿದಾಗ ಶೇಷ 1 ಬರುವ ಅವಿಭಾಜ್ಯಗಳು ಮಾತ್ರ ಇದನ್ನು ಭಾಗಿಸಬಲ್ಲವು ಎಂಬ ನಿಯಮದಿಂದ ಆ ಕೆಲಸವನ್ನು ಬಹಳ ಇಳಿಸಿ, ಇದು ಅವಿಭಾಜ್ಯವೇ ಎಂದು 1772ರಲ್ಲಿ ತೋರಿಸಿದವರು ಆಯ್ಲರ್. ಆಗ ಅವರಿಗೆ ಕಣ್ಣು ಬಹುತೇಕ ಕಾಣುತ್ತಿರಲಿಲ್ಲ.

ಈ ಬಗೆಯ ಅವಿಭಾಜ್ಯಕ್ಕೆ ಮರ್ಸೆನ್ ಅವಿಭಾಜ್ಯ ಎಂದು ಹೆಸರು. ಇದನ್ನು 31ನೇ ದಿನದ ಕಾಳುಗಳಿಂದ ಗುಣಿಸಿದರೆ ಪರಿಪೂರ್ಣ ಸಂಖ್ಯೆ ಸಿಗುತ್ತದೆ. ಎರಡು ದಿನಕ್ಕೇ ನಿಲ್ಲಿಸಿ ನೋಡಿ: ಒಟ್ಟು 3, ಎರಡನೇ ದಿನದ್ದು 2, ಗುಣಲಬ್ಧ 6. ಅದರ ಭಾಜಕಗಳಾದ 1, 2, 3 ಕೂಡಿದರೆ ಮತ್ತೆ 6.

ಇದನ್ನೆಲ್ಲ ಕೇಳಿ "ಏನು ಉಪಯೋಗ ಸಾರ್?" ಅಂದಿದ್ದವನು ನಾನೇ. ಕೆಲಸಕ್ಕೆ ಸೇರಿದ ಹೊಸತರಲ್ಲಿ ನಾನು ಬರೆದ ಪ್ರೋಗ್ರಾಮಿನ ಎಣಿಕೆ ಒಂದು ರಾತ್ರಿ ಇದ್ದಕ್ಕಿದ್ದಂತೆ ಋಣ ಸಂಖ್ಯೆಯಾಯಿತು. ಬೆಳಗಿನವರೆಗೆ ಹುಡುಕಿದೆ. ತಪ್ಪು ನನ್ನದೇ. 32 ಬಿಟ್‌ಗಳಲ್ಲಿ ಒಂದು ಚಿಹ್ನೆಗೆ ಹೋದರೆ ಉಳಿಯುವುದು 31. ಅದರಲ್ಲಿ ಹಿಡಿಸುವ ಅತಿ ದೊಡ್ಡ ಸಂಖ್ಯೆ ಇದೇ. ಇನ್ನೊಂದು ಕೂಡಿದ ಕೂಡಲೇ ಎಣಿಕೆ ಋಣದ ಕಡೆಗೆ ಮಗುಚಿತ್ತು. ಪಾಠದಲ್ಲಿ ಕೇಳಿದ್ದೆ, ಗುಣ ನೋಡಿರಲಿಲ್ಲ.

1970ರ ಜನವರಿ 1ರಿಂದ ಸೆಕೆಂಡುಗಳನ್ನು ಹೀಗೇ ಎಣಿಸುವ ಹಳೆಯ ವ್ಯವಸ್ಥೆಗಳು ಇನ್ನೂ ಇವೆ. 2038ರ ಜನವರಿ 19, ಬೆಳಿಗ್ಗೆ 8 ಗಂಟೆ 44 ನಿಮಿಷ 7 ಸೆಕೆಂಡಿಗೆ ಅವುಗಳ ಎಣಿಕೆ ತುಂಬುತ್ತದೆ. ಮರುಕ್ಷಣ ಅವು 1901ನೇ ಇಸವಿ ತೋರಿಸುತ್ತವೆ. ಅಷ್ಟರೊಳಗೆ ಅವನ್ನು ಸರಿಪಡಿಸುವವರಲ್ಲಿ ಈ ಶಾಲೆಯ ಮಕ್ಕಳೂ ಇರಲಿ.

ಮಕ್ಕಳೇ, ಒಂದು ಮನೆಗೆಲಸ: ಈ ಸಂಖ್ಯೆಯನ್ನು 7ರಿಂದ ಭಾಗಿಸಿದರೆ ಶೇಷವೆಷ್ಟು? ಉದ್ದದ ಭಾಗಾಕಾರ ಬೇಡ. ಮೂರು ಎರಡುಗಳ ಗುಣಲಬ್ಧ 8 ಎಂಬುದಷ್ಟೇ ಸಾಕು. ಉತ್ತರ ನಾನು ಹೇಳುವುದಿಲ್ಲ. ನಮ್ಮ ಮೇಷ್ಟ್ರೂ ಹೇಳುತ್ತಿರಲಿಲ್ಲ.