ಜವೆಗೋಧಿಯ ಕಾಳು: ಗೊಬ್ಬರ, ನೀರು, ಸತ್ತ್ವ



ನಮ್ಮ ಪಟ್ಟಣದ ಮನೆಗಳಿಗೆ ಜವೆಗೋಧಿಯ ಪರಿಚಯವಾಗುವುದು ಬಹುಮಟ್ಟಿಗೆ ರೋಗಿಯ ಹಾಸಿಗೆಯ ಬಳಿಯಲ್ಲಿ. ವೈದ್ಯರು ಬಾರ್ಲಿಯ ಗಂಜಿಯನ್ನು ಕೊಡಿರೆಂದಾಗ, ಆ ಕಾಳು ಎಂತಹ ಹೊಲದಲ್ಲಿ ಬೆಳೆಯಿತೆಂದು ಯಾರೂ ವಿಚಾರಿಸುವುದಿಲ್ಲ. ಆದರೆ ಲಡಾಖದ ಬೆಟ್ಟದ ಜನರಿಗೆ ಹುರಿದ ಜವೆಯ ಹಿಟ್ಟು ತಲೆತಲಾಂತರದಿಂದ ಬಂದ ಆಹಾರ. ಅಂಥವರಿಗೆ ಕಾಳಿನ ಸತ್ತ್ವದ ಪ್ರಶ್ನೆ ಸಣ್ಣದಲ್ಲ.

ಗೊಬ್ಬರವು ಈ ಬೆಳೆಗೆ ಏನು ಮಾಡುತ್ತದೆಂಬುದನ್ನು ಎಲ್ಲರಿಗಿಂತ ದೀರ್ಘವಾಗಿ ನೋಡಿರುವ ಸ್ಥಳ ಇಂಗ್ಲೆಂಡಿನ ರಾಥಮ್‌ಸ್ಟೆಡ್. ಅಲ್ಲಿ ಲಾಸ್ ಮತ್ತು ಗಿಲ್ಬರ್ಟ್ ಎಂಬವರು 1852ರಲ್ಲಿ ಒಂದು ಹೊಲವನ್ನು ತುಂಡುತುಂಡಾಗಿ ವಿಂಗಡಿಸಿ, ಒಂದಕ್ಕೆ ಏನನ್ನೂ ಹಾಕದೆ, ಉಳಿದವಕ್ಕೆ ಸಾರಜನಕದ ಲವಣ, ರಂಜಕ, ಕೊಟ್ಟಿಗೆಗೊಬ್ಬರಗಳನ್ನು ಬೇರೆಬೇರೆಯಾಗಿ ಕೊಟ್ಟು, ಜವೆಯನ್ನೇ ಬಿತ್ತತೊಡಗಿದರು. ಆ ಪ್ರಯೋಗ ಇಂದಿಗೂ ನಿಂತಿಲ್ಲ. ಒಂದು ತುಂಡಿಗೆ 1871ರವರೆಗೆ ಮಾತ್ರ ಕೊಟ್ಟಿಗೆಗೊಬ್ಬರ ಬಿದ್ದಿತು. ನೂರು ವರ್ಷ ಕಳೆದ ಮೇಲೂ ಅದು ಗೊಬ್ಬರ ಕಾಣದ ತುಂಡಿಗಿಂತ ಹೆಚ್ಚು ಕಾಳು ಕೊಡುತ್ತಿತ್ತು! ಮಣ್ಣು ಉಪಕಾರವನ್ನು ಬೇಗ ಮರೆಯುವುದಿಲ್ಲವೆಂದು ತೋರುತ್ತದೆ.

ಸಾರಜನಕವನ್ನು ಮಿತವಾಗಿ ಕೊಟ್ಟರೆ ಇಳುವರಿ ಹೆಚ್ಚುತ್ತದೆ. ಹೆಚ್ಚಾಗಿ, ಅಥವಾ ತಡವಾಗಿ ಕೊಟ್ಟರೆ ಕಾಳಿನ ಪ್ರೋಟೀನು ಏರುತ್ತದೆ. ನೂರಕ್ಕೆ 9 ಭಾಗವಿದ್ದುದು 13 ಆಗಬಹುದು. ಇದನ್ನು ಕಂಡು ಬೀರ್ ತಯಾರಿಸುವವನು ಮುಖ ಸಿಂಡರಿಸುತ್ತಾನೆ. ಅವನಿಗೆ ಬೇಕಾದುದು ಪಿಷ್ಟ. ಉಣ್ಣುವವನು ಹಿಗ್ಗಬೇಕಷ್ಟೆ? ಪೂರ್ಣವಾಗಿ ಹಿಗ್ಗುವಂತಿಲ್ಲ. ಹೀಗೆ ಸೇರಿದ ಪ್ರೋಟೀನಿನಲ್ಲಿ ಬಹುಪಾಲು ಹಾರ್ಡೀನ್ ಎಂಬುದು. ನಮ್ಮ ದೇಹ ತಾನಾಗಿ ತಯಾರಿಸಿಕೊಳ್ಳಲಾರದ, ಅನ್ನದಿಂದಲೇ ಪಡೆಯಬೇಕಾದ ಲೈಸೀನ್ ಅದರಲ್ಲಿ ತೀರ ಕಡಮೆ. ಕಾಳಿನಲ್ಲಿ ಲೈಸೀನಿನ ಮೊತ್ತ ತುಸು ಏರುವುದುಂಟು. ಪ್ರೋಟೀನು ಏರಿದಷ್ಟು ಏರುವುದಿಲ್ಲ. ಪ್ರಮಾಣ ಹೆಚ್ಚಿ ಗುಣ ತಗ್ಗಿತು.

ನೀರಿನ ಲೆಕ್ಕ ಇನ್ನೂ ಮೋಸದ್ದು. ತೆನೆ ತುಂಬುವ ಹೊತ್ತಿನಲ್ಲಿ ತೇವ ತಪ್ಪಿದರೆ ಪಿಷ್ಟ ಕೂಡದೆ ಕಾಳು ಜೊಳ್ಳಾಗಿ, ನೂರಕ್ಕೆ ಇಷ್ಟು ಎಂಬ ಲೆಕ್ಕದಲ್ಲಿ ಪ್ರೋಟೀನು ಹೆಚ್ಚಾಗಿ ಕಾಣುತ್ತದೆ. ನೀರು ಹಾಯಿಸಿದರೆ ಕಾಳು ದುಂಡಾಗಿ ಆ ಅಂಕಿ ಇಳಿಯುತ್ತದೆ; ಆದರೆ ಎಕರೆಗೆ ದೊರೆಯುವ ಒಟ್ಟು ಪ್ರೋಟೀನು ಸಾಮಾನ್ಯವಾಗಿ ಹೆಚ್ಚು. ಬಡಕಲು ಕಾಳಿನ ದೊಡ್ಡ ಅಂಕಿಯನ್ನು ಯಾರ ಮಕ್ಕಳೂ ಉಣ್ಣಲಾರರು.

ಲೈಸೀನಿನ ಕೊರತೆ ಹೊಲದ್ದಲ್ಲ, ಬೀಜದ್ದು. ಇಥಿಯೋಪಿಯದ ಒಂದು ತಳಿಯಲ್ಲಿ ಲೈಸೀನ್ ಅಧಿಕವಾಗಿದೆಯೆಂದು 1970ರಲ್ಲಿ ಪ್ರಕಟವಾಯಿತು. ಕಾಳು ಸುಕ್ಕಿದ್ದು, ಇಳುವರಿ ಅಲ್ಪ. ಲಡಾಖದವರಾದರೋ ಹಿಮ ಕರಗಿದ ನೀರನ್ನು ಕಾಲುವೆಗಳಲ್ಲಿ ಹಾಯಿಸಿ ಜವೆಯೊಡನೆ ಬಟಾಣಿಯನ್ನೂ ಬೆಳೆಯುತ್ತ ಬಂದರು. ಜವೆಯ ಹಿಟ್ಟಿಗೆ ಅದರ ಹಿಟ್ಟನ್ನು ಬೆರೆಸುವುದೂ ಉಂಟು. ಬಟಾಣಿಯಲ್ಲಿ ಲೈಸೀನ್ ಯಥೇಷ್ಟವಾಗಿದೆ.