ಅಂಗಸಾಧನೆಯೂ ಅವಸರವೂ
(ಶಾಲೆಯ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ಮಕ್ಕಳ ಅಂಗಸಾಧನೆಯ ವಿಷಯವಾಗಿ ನಾಲ್ಕು ಮಾತುಗಳನ್ನಾಡಬೇಕೆಂದು ಸಂಘದ ಕಾರ್ಯದರ್ಶಿಗಳು ನನಗೆ ಅಪ್ಪಣೆ ಮಾಡಿರುವರು. ನಾನು ಪಂಡಿತನಲ್ಲ, ಮೂವತ್ತು ವರ್ಷಗಳಿಗೂ ಮೀರಿ ಸೀಟಿ ಹಿಡಿದು ಬಿಸಿಲಿನಲ್ಲಿ ನಿಂತ ವ್ಯಾಯಾಮದ ಉಪಾಧ್ಯಾಯ. ಆದುದರಿಂದ ನನ್ನ ಮಾತು ಮೈದಾನದ ಮಾತಾಗಿರುವುದು. ತಾವು ಸೈರಿಸಬೇಕು.

ಕೆಲವು ಕಾಲದ ಹಿಂದೆ ಹೊಸೂರಿನಲ್ಲಿ ಒಬ್ಬ ತಂದೆ ನನ್ನನ್ನು ಕಂಡು ಒಂದು ಪ್ರಶ್ನೆ ಕೇಳಿದರು. ಅವರ ಮಗಳು ಜಿಮ್ನಾಸ್ಟಿಕ್ಸ್ ಕಲಿಯುತ್ತಿದ್ದಳು. ಸ್ಪರ್ಧೆಗೆಂದು ಗೊತ್ತುಪಡಿಸಿದ್ದ ಆರು ಕಸರತ್ತುಗಳಲ್ಲಿ ನಾಲ್ಕು ಅವಳಿಗೆ ಚೆನ್ನಾಗಿ ಬರುತ್ತಿದ್ದುವು. ಉಳಿದೆರಡು, ಗುರುಗಳು ಸೊಂಟಕ್ಕೆ ಕೈಕೊಟ್ಟರೆ ಮಾತ್ರ ಬರುತ್ತಿದ್ದುವು. ಸ್ಪರ್ಧೆಗೆ ಉಳಿದಿದ್ದುದು ಮೂರೇ ವಾರ. “ಕಳುಹಿಸಲೋ ಬೇಡವೋ, ಮೇಷ್ಟರೆ?” ಎಂದು ಅವರು ಕೇಳಿದರು. ನಾನು ಕೊಟ್ಟ ಉತ್ತರವನ್ನು ಕಡೆಗೆ ಹೇಳುವೆನು. ಆ ಉತ್ತರವನ್ನು ಯಾವ ಬೆಲೆಗೆ ಕಲಿತೆನೆಂಬುದನ್ನು ಮೊದಲು ಹೇಳುವುದು ನ್ಯಾಯ.

ಅದು ನಾನು ಕೆಲಸಕ್ಕೆ ಸೇರಿದ ಮೂರನೆಯ ವರ್ಷ. ಶಾಲೆಯ ಹೆಸರು ಬೇಡ. ಎಂಟನೆಯ ತರಗತಿಯಲ್ಲಿ ಒಬ್ಬ ಹುಡುಗನಿದ್ದ. ತೆಳ್ಳಗಿನ ಮೈ, ಚುರುಕಾದ ಕಾಲು. ಓಡಿಬಂದು, ಹಲಗೆಯ ಮೇಲೆ ಚಿಮ್ಮಿ, ಪೆಟ್ಟಿಗೆಯ ಮೇಲೆ ಎರಡು ಅಂಗೈಗಳನ್ನೂರಿ, ಕಾಲುಗಳನ್ನು ತಲೆಯ ಮೇಲಿಂದ ಹಾಯಿಸಿ ಆಚೆಗೆ ನೆಟ್ಟಗೆ ಇಳಿಯುವ ಲಂಘನವನ್ನು ಅವನಿಗೆ ಕಲಿಸುತ್ತಿದ್ದೆನು. ನನ್ನ ಅಂಗೈ ಅವನ ಬೆನ್ನಿಗೆ ತಾಗಿದ್ದರೆ ಹಕ್ಕಿಯಂತೆ ಹಾರುತ್ತಿದ್ದನು. ಒಂದೇ ಒಂದು ಸಲ ಕೈ ಬಿಟ್ಟು ನೋಡಿದೆನು, ಓರೆಯಾಗಿ ಬಿದ್ದನು. ಅದನ್ನು ಆಕಸ್ಮಿಕವೆಂದು ನನಗೆ ನಾನೇ ಹೇಳಿಕೊಂಡೆನು. ಏಕೆಂದರೆ ಅಷ್ಟರಲ್ಲಿ ಅವನ ಹೆಸರನ್ನು ಸ್ಪರ್ಧೆಗೆ ಬರೆದು ಕಳುಹಿಸಿಯಾಗಿತ್ತು. ಮುಖ್ಯೋಪಾಧ್ಯಾಯರು ಪ್ರಾರ್ಥನೆಯ ಹೊತ್ತಿನಲ್ಲಿ ಅದನ್ನು ಸಾರಿಯೂ ಆಗಿತ್ತು. ಸ್ಪರ್ಧೆಯಲ್ಲಿ ಗುರುವು ಶಿಷ್ಯನನ್ನು ಮುಟ್ಟುವಂತಿಲ್ಲವಷ್ಟೆ. ಹುಡುಗನು ಪೆಟ್ಟಿಗೆಯ ಮೇಲೆ ಕೈಯೂರಿದನು, ಎಡಗೈ ಜಾರಿತು, ಮೊಣಕೈಯ ಮೇಲೆ ಬಿದ್ದನು. ಎಲುಬು ಕೂಡಿತು, ಕೈ ಮಾತ್ರ ಪುನಃ ಪೂರ್ತಿಯಾಗಿ ನೀಡಿಕೊಳ್ಳಲಿಲ್ಲ. ಅವನ ತಾಯಿ ನನ್ನನ್ನು ಬೈಯಲಿಲ್ಲ. “ಅವನ ಹಣೆಬರಹ, ಸ್ವಾಮಿ” ಎಂದರು. ಹಣೆಬರಹವಲ್ಲ ತಾಯಿ, ನನ್ನ ಅವಸರ ಎಂದು ಹೇಳುವ ಧೈರ್ಯ ಅಂದು ನನಗೆ ಬರಲಿಲ್ಲ.

ಇಂತಹದು ನನ್ನಂಥ ಸಾಮಾನ್ಯನ ಕೈಯಲ್ಲಿ ಮಾತ್ರ ನಡೆಯುವುದೆಂದು ಭಾವಿಸಬೇಡಿರಿ. ನಮ್ಮ ಹೊಸೂರಿನಿಂದ ಮಾಲೂರನ್ನು ಹಾದು ನರಸಾಪುರದ ಕಡೆಗೆ ಹೋದರೆ ಕೋಲಾರ ಜಿಲ್ಲೆಯ ಬೆಳ್ಳೂರು ಎಂಬ ಗ್ರಾಮ ಸಿಕ್ಕುವುದು. ಜಗತ್ತಿಗೆಲ್ಲ ಯೋಗವನ್ನು ಕಲಿಸಿದ ಬಿ. ಕೆ. ಎಸ್. ಅಯ್ಯಂಗಾರ್ಯರು 1918ರಲ್ಲಿ ಹುಟ್ಟಿದುದು ಅಲ್ಲಿ. ಅವರ ಹೆಸರಿನ ಮೊದಲನೆಯ ಅಕ್ಷರವೇ ಬೆಳ್ಳೂರು. ಬಾಲ್ಯದಲ್ಲಿ ಮಲೇರಿಯಾ, ಟೈಫಾಯಿಡ್, ಕ್ಷಯ ಇವೆಲ್ಲವುಗಳಿಂದ ನರಳಿದ ಬಡಕಲು ಹುಡುಗ. 1934ರಲ್ಲಿ ಮೈಸೂರಿಗೆ, ಅಕ್ಕನ ಪತಿಯಾದ ಟಿ. ಕೃಷ್ಣಮಾಚಾರ್ಯರ ಮನೆಗೆ ಬಂದರು. ಆಚಾರ್ಯರು ಅರಮನೆಯ ಆಶ್ರಯದಲ್ಲಿ ಯೋಗಶಾಲೆಯನ್ನು ನಡೆಸುತ್ತಿದ್ದ ಮಹಾ ವಿದ್ವಾಂಸರು. ದೊಡ್ಡ ಸಮ್ಮೇಳನವೊಂದರ ಅತಿಥಿಗಳ ಮುಂದೆ ಪ್ರದರ್ಶನವಾಗಬೇಕಾಗಿ ಬಂದಾಗ, ಈ ಹುಡುಗನಿಗೆ ಮೂರೇ ದಿನಗಳಲ್ಲಿ ಮೂವತ್ತಕ್ಕೂ ಹೆಚ್ಚು ಆಸನಗಳನ್ನು ಹೇಳಿಕೊಟ್ಟರಂತೆ. ಪ್ರದರ್ಶನ ಯಶಸ್ವಿಯಾಯಿತು, ಮಹಾರಾಜರು 50 ರೂಪಾಯಿ ಬಹುಮಾನವನ್ನಿತ್ತರು. ಮೈನೋವು ಮಾತ್ರ ಬಹುಕಾಲ ಉಳಿಯಿತೆಂದು ಅಯ್ಯಂಗಾರ್ಯರೇ ಹೇಳಿಕೊಂಡಿರುವರು.

ಇನ್ನೊಂದು ಪ್ರಸಂಗ. ಗಣ್ಯರ ಎದುರಿನಲ್ಲಿ ಗುರುಗಳು ಹನುಮಾನಾಸನವನ್ನು ಮಾಡೆಂದರು. ಒಂದು ಕಾಲನ್ನು ಮುಂದಕ್ಕೂ ಇನ್ನೊಂದನ್ನು ಹಿಂದಕ್ಕೂ ನೀಡಿ ನೆಲಕ್ಕೆ ತಾಗಿ ಕುಳಿತುಕೊಳ್ಳುವ ಆಸನವದು. ಹುಡುಗನು ಅದನ್ನು ಕಲಿತೇ ಇರಲಿಲ್ಲ. ತಪ್ಪಿಸಿಕೊಳ್ಳಲು, ಚಡ್ಡಿ ಬಹಳ ಬಿಗಿಯಾಗಿದೆಯೆಂದು ನೆಪ ಹೇಳಿದನಂತೆ. ಕತ್ತರಿ ತರಿಸಿ ಚಡ್ಡಿಯ ಅಂಚುಗಳನ್ನು ಸೀಳಿಸಲಾಯಿತು! (ಮಕ್ಕಳು ನಗುತ್ತಿರುವರು, ನಗಲಿ. ಆ ಹುಡುಗನಿಗೆ ಅಂದು ನಗೆ ಬಂದಿರಲಾರದು.) ಆಸನವೇನೋ ಆಯಿತು. ತೊಡೆಯ ಹಿಂಬದಿಯ ಸ್ನಾಯು ಹರಿದು ಬಹುಕಾಲ ಸರಿಯಾಗಿ ನಡೆಯಲಾಗದೆ ಹೋಯಿತು. ಗುರುಗಳ ವಿದ್ಯೆಯನ್ನಾಗಲಿ ಅಯ್ಯಂಗಾರ್ಯರ ಗುರುಭಕ್ತಿಯನ್ನಾಗಲಿ ನಾನು ಆಕ್ಷೇಪಿಸುವವನಲ್ಲ. ನನ್ನ ಗಮನವಿರುವುದು ಅನಂತರದ ಸಂಗತಿಯ ಮೇಲೆ. 1966ರಲ್ಲಿ ಪ್ರಕಟವಾದ ತಮ್ಮ ಯೋಗಗ್ರಂಥದಲ್ಲಿ ಅವರು ಪ್ರತಿಯೊಂದು ಆಸನಕ್ಕೂ ಅದರ ಕಷ್ಟಕ್ಕೆ ತಕ್ಕಂತೆ 1ರಿಂದ 60ರ ವರೆಗೆ ಅಂಕೆಗಳನ್ನು ಕೊಟ್ಟರು. ಅಭ್ಯಾಸಕ್ರಮವನ್ನು 300 ವಾರಗಳಿಗೆ ಹಂಚಿದರು. ಮೂರು ದಿನಗಳಲ್ಲಿ ಮೂವತ್ತು ಆಸನಗಳನ್ನು ಕಲಿಯಬೇಕಾಗಿ ಬಂದವರು, ಇತರರಿಗೆ ಸುಮಾರು ಆರು ವರ್ಷಗಳ ಅವಧಿಯನ್ನು ಕೊಟ್ಟರು. ಬಗ್ಗಲಾರದವರಿಗೆಂದು ಹಗ್ಗ, ಪಟ್ಟಿ, ಮರದ ದಿಮ್ಮಿಗಳ ಆಸರೆಯನ್ನು ಬಳಕೆಗೆ ತಂದವರೂ ಅವರೇ. ಆಸರೆ ಬೇಕಾದವನಿಗೆ ಆಸರೆ ಕೊಡುವುದರಲ್ಲಿ ಅವರಿಗೆ ಯಾವ ನಾಚಿಕೆಯೂ ಇರಲಿಲ್ಲ.

ಜಿಮ್ನಾಸ್ಟಿಕ್ಸಿನಲ್ಲಿ ಈ ಅವಸರದ ಫಲ ಇನ್ನೂ ಘೋರವಾಗಬಲ್ಲದು. ಅಮೆರಿಕದ ಜೂಲಿಸಾ ಗೋಮೆಜ್ ಎಂಬ 15 ವರ್ಷದ ಬಾಲೆ 1988ರ ಮೇ ತಿಂಗಳಿನಲ್ಲಿ ಟೋಕಿಯೋ ನಗರಕ್ಕೆ ಸ್ಪರ್ಧೆಗೆಂದು ಹೋದಳು. ಹಿಮ್ಮುಖವಾಗಿ ಚಿಮ್ಮುಹಲಗೆಗೆ ಬಂದು ‘ಕುದುರೆ’ಯೆಂಬ ಉಪಕರಣದ ಮೇಲೆ ಹಾರುವ ಕಠಿನವಾದ ಲಂಘನವೊಂದು ಅವಳ ಕೈವಶವಾಗಿರಲಿಲ್ಲ, ಅಭ್ಯಾಸದಲ್ಲಿ ಪಾದ ತಪ್ಪುತ್ತಿದ್ದುದನ್ನು ಬಲ್ಲವರು ಕಂಡಿದ್ದರು. ಹೆಚ್ಚಿನ ಅಂಕಗಳಿಗೆ ಅದು ಬೇಕಾಗಿದ್ದಿತು. ಅಲ್ಲಿ ಪಾದ ಹಲಗೆಯಿಂದ ಜಾರಿತು, ತಲೆ ಕುದುರೆಗೆ ಬಡಿಯಿತು. ಮೂರು ವರ್ಷ ಮಲಗಿದಲ್ಲಿಯೇ ಇದ್ದು 1991ರಲ್ಲಿ ತೀರಿಕೊಂಡಳು. ಅದಾದ ಮೇಲೆ ಚಿಮ್ಮುಹಲಗೆಯ ಸುತ್ತ ಮೆತ್ತೆಯನ್ನಿಡುವ ಪದ್ಧತಿ ಬಂದಿತು. 2001ರಲ್ಲಿ ಹಳೆಯ ಕುದುರೆಯನ್ನೇ ತೆಗೆದು ಅಗಲವಾದ ಮೇಜನ್ನು ಇಟ್ಟರು. ಹಿರಿಯರ ಅಂತರರಾಷ್ಟ್ರೀಯ ಸ್ಪರ್ಧೆಗಳಿಗೆ ಹುಡುಗಿಯರು 16 ವರ್ಷಕ್ಕೆ ಕಾಲಿಟ್ಟಿರಬೇಕೆಂಬ ನಿಯಮ 1997ರಿಂದ ಇದೆ.

ಇದಕ್ಕೆ ಎದುರಾಗಿ ದೀಪಾ ಕರ್ಮಾಕರ್ ಅವರನ್ನು ತೋರಿಸುವವರುಂಟು. ತ್ರಿಪುರದ ಆ ಹೆಣ್ಣುಮಗಳು 2016ರಲ್ಲಿ ರಿಯೋ ಒಲಿಂಪಿಕ್ಸಿನಲ್ಲಿ, ಕೈಯೂರಿ ಚಿಮ್ಮಿ ಗಾಳಿಯಲ್ಲಿ ಎರಡು ಸಲ ಅಂತರಲಾಗ ಹಾಕುವ ‘ಪ್ರೊಡುನೋವಾ’ ಲಂಘನವನ್ನು ಮಾಡಿ, 15.066 ಅಂಕಗಳಿಂದ ನಾಲ್ಕನೆಯವರಾದರು. ಕಂಚಿನ ಪದಕಕ್ಕೆ ಕೊರೆಯಾದುದು ಕೇವಲ 0.15. “ಸಾಹಸವಿಲ್ಲದೆ ಸಾಧನೆಯುಂಟೇ?” ಎಂದು ಕೇಳುವರು. ಸ್ವಾಮಿ, ಆಕೆ ಅಭ್ಯಾಸವನ್ನು ಆರಂಭಿಸಿದುದು ಆರರ ಸುಮಾರಿನ ವಯಸ್ಸಿನಲ್ಲಿ. ಆ ಲಂಘನವನ್ನು 2014ರಲ್ಲಿ ಗ್ಲಾಸ್ಗೋ ನಗರದ ಕಾಮನ್‌ವೆಲ್ತ್ ಕ್ರೀಡೆಗಳಲ್ಲಿ ಮಾಡಿ ಕಂಚನ್ನು ಗೆದ್ದಾಗ ವಯಸ್ಸು 20. ನಡುವಿನ ವರ್ಷಗಳನ್ನು ಯಾರೂ ಚಿತ್ರ ತೆಗೆದು ತೋರಿಸುವುದಿಲ್ಲ. ನಮ್ಮ ಕಣ್ಣಿಗೆ ಬೀಳುವುದು ಆ ಕೆಲವು ಕ್ಷಣಗಳು ಮಾತ್ರ.

ನಮ್ಮ ಕೃಷ್ಣಗಿರಿಯ ಸೀಮೆಯಲ್ಲಿ ಮಾವಿನ ತೋಪುಳ್ಳ ತಂದೆಯರು ಅನೇಕರು ಇಲ್ಲಿ ಕುಳಿತಿರುವಿರಿ. ಬಲಿಯದ ಕಾಯನ್ನು ಕಿತ್ತು ಕಾರ್ಬೈಡ್ ಇಟ್ಟರೆ ಏನಾಗುವುದೆಂದು ನಿಮಗೆ ನಾನು ಹೇಳಬೇಕೆ? ಸರಕಾರವು ಅದನ್ನು ನಿಷೇಧಿಸಿದೆ. ಮಕ್ಕಳ ವಿಷಯದಲ್ಲಿ ಅಂತಹ ಕಾನೂನನ್ನು ನಾವೇ ಮನೆಯಲ್ಲಿ ಮಾಡಿಕೊಳ್ಳಬೇಕಾಗಿದೆ.

ಬೆಳೆಯುವ ಮಕ್ಕಳ ಎಲುಬಿನ ತುದಿಗಳಲ್ಲಿ ಮೆದುವಾದ ಪದರವೊಂದುಂಟು. ಎಲುಬು ಉದ್ದವಾಗುವುದು ಅಲ್ಲಿಂದಲೇ. ಜಿಮ್ನಾಸ್ಟಿಕ್ಸಿನಲ್ಲಿ ಮೈಭಾರವೆಲ್ಲ ಮಣಿಕಟ್ಟಿನ ಮೇಲೆ ಬೀಳುವುದರಿಂದ ಆ ಪದರಕ್ಕೆ ಪೆಟ್ಟಾಗುವುದು ವೈದ್ಯರಿಗೆ ಹೊಸದಲ್ಲ. ಇನ್ನೊಂದು: ಒಂದೇ ವರ್ಷದಲ್ಲಿ ಗೇಣುದ್ದ ಬೆಳೆದ ಹುಡುಗಿಗೆ ನಿನ್ನೆ ಬಂದ ಲಾಗ ಇಂದು ಬಾರದಿರಬಹುದು. ಅದು ಸೋಮಾರಿತನವಲ್ಲ, ಹೊಸ ಮೈಯನ್ನು ಪುನಃ ಅಳೆದುಕೊಳ್ಳಲು ಅವಳಿಗೆ ಸಮಯ ಬೇಕು. ಪ್ರಪಂಚದಲ್ಲೇ ಮೊದಲಿಗರೆನಿಸಿದ ಸಿಮೋನ್ ಬೈಲ್ಸ್ ಅವರಿಗೂ 2021ರಲ್ಲಿ ಟೋಕಿಯೋದಲ್ಲಿ ಗಾಳಿಯಲ್ಲಿ ದಿಕ್ಕು ತಪ್ಪಿತು. ಅವರು ತಂಡದ ಸ್ಪರ್ಧೆಯಿಂದ ಹಿಂದೆ ಸರಿದರು. ಹಲವರು ಹಳಿದರು. 2024ರಲ್ಲಿ ಪ್ಯಾರಿಸಿನಲ್ಲಿ ಅವರೇ ಮೂರು ಸ್ವರ್ಣಪದಕಗಳನ್ನು ಪಡೆದರು. ಇಂದು ಬೇಡವೆನ್ನುವ ಹಕ್ಕು ಅಂತಹವರಿಗೇ ಇರುವಾಗ ನಮ್ಮ ಆರನೆಯ ತರಗತಿಯ ಬಾಲಕಿಗೆ ಏಕಿರಬಾರದು?

ಈಗ ಹೊಸೂರಿನ ಆ ತಂದೆಯ ಪ್ರಶ್ನೆ. ನಾನು ಹೇಳಿದೆನು: “ಕಳುಹಿಸಿರಿ, ನಾಲ್ಕನ್ನೇ ಮಾಡಲಿ.” ಅವರಿಗೆ ಆಶ್ಚರ್ಯವಾಯಿತು. ಎಲ್ಲವನ್ನೂ ಕಲಿತ ಮೇಲೆಯೇ ಸ್ಪರ್ಧೆಯೆಂದರೆ ಮಕ್ಕಳು ಎಂದಿಗೂ ಅಂಗಳಕ್ಕೆ ಇಳಿಯಲಾರರು. ಜನರೆದುರು ನಿಲ್ಲುವ ಧೈರ್ಯವೂ ಕಲಿಯಬೇಕಾದ ವಿದ್ಯೆಯೇ. ಬಾರದುದನ್ನು ಬಿಟ್ಟರೆ ಅಂಕಗಳು ಹೋಗುವುವು, ಹೋಗಲಿ. ಬಾರದುದನ್ನು ಬರುವುದೆಂದು ಮಾಡಹೋದರೆ ಹೋಗುವುದು ಬೇರೆಯೇ. ಒಂದು ಕಸರತ್ತು ‘ಬಂದಿತು’ ಎನ್ನಲು ನನ್ನ ಲೆಕ್ಕ ಇಷ್ಟೆ: ಗುರುವಿನ ಕೈಯಿಲ್ಲದೆ ಹತ್ತು ಸಲ ಮಾಡಬೇಕು, ದಣಿದ ಸಂಜೆಯಲ್ಲಿಯೂ ಮಾಡಬೇಕು, ಪರಸ್ಥಳದ ಗಾದಿಯ ಮೇಲೆಯೂ ಮಾಡಬೇಕು. ಆ ಮಗಳಿಗೆ ಅಂದು ಬಹುಮಾನ ಬರಲಿಲ್ಲ. ದಾರಿಯುದ್ದಕ್ಕೂ ಅತ್ತಳಂತೆ. ಐದನೆಯದು ಅವಳಿಗೆ ಮುಂದಿನ ಬೇಸಗೆಯಲ್ಲಿ ಬಂದಿತು; ಆರನೆಯದನ್ನು ಇನ್ನೂ ಕಲಿಯುತ್ತಿರುವಳು.

ತಂದೆತಾಯಿಗಳಲ್ಲಿ ನನ್ನದೊಂದು ವಿನಂತಿ. ಮೈದಾನದಿಂದ ಮಗು ಬಂದೊಡನೆ “ಎಷ್ಟನೆಯವಳಾದೆ?” ಎಂದು ಕೇಳುವ ಮೊದಲು “ಮೇಷ್ಟರು ಕೈ ಬಿಟ್ಟು ಮಾಡಿಸಿದರೇ?” ಎಂದು ಕೇಳಿರಿ. ಮೇಷ್ಟರುಗಳಿಗೂ ಅದರಿಂದ ಉಪಕಾರವಾಗುವುದು. ನನ್ನನ್ನು ಅಂದು ಯಾರೂ ಹಾಗೆ ಕೇಳಲಿಲ್ಲ.

ಇನ್ನು ಸ್ವಲ್ಪ ಹೊತ್ತಿನಲ್ಲಿ ಈ ಶಾಲೆಯ ಮಕ್ಕಳು ಪಿರಮಿಡ್ ಕಟ್ಟಿ ತೋರಿಸುವರು. ನಾಲ್ಕು ಅಂತಸ್ತು ಮಾಡಬೇಕೆಂದಿದ್ದರಂತೆ. ಮೇಲಿನ ಮಗುವಿನ ಕಾಲು ನಡುಗುವುದನ್ನು ನೋಡಿ, ಇಲ್ಲಿಯ ವ್ಯಾಯಾಮದ ಉಪಾಧ್ಯಾಯರು ನಿನ್ನೆ ಅದನ್ನು ಮೂರಕ್ಕೆ ಇಳಿಸಿರುವರು. ಕರಪತ್ರದಲ್ಲಿ ನಾಲ್ಕೆಂದೇ ಅಚ್ಚಾಗಿದೆ. ತಾವು ದಯಮಾಡಿ ಎಣಿಸಿ ಕೊರತೆ ಹೇಳಬೇಡಿರಿ. ನಾನು ಮುಂದಿನ ಸಾಲಿನಲ್ಲಿ ಕುಳಿತು ಎಲ್ಲರಿಗಿಂತ ಗಟ್ಟಿಯಾಗಿ ಚಪ್ಪಾಳೆ ತಟ್ಟುವವನಿದ್ದೇನೆ.