ಕೇಕಿನ ಬೆಲೆ ಕಟ್ಟುವುದು ಹೇಗೆ?

ವಾಡಿ, ಶಹಾಬಾದ, ಸೇಡಂಗಳ ಸಿಮೆಂಟ್ ಕಾರ್ಖಾನೆಗಳು, ಚಿತ್ತಾಪುರ, ಚಿಂಚೋಳಿಗಳ ತೊಗರಿ ಹೊಲಗಳು ನಿಮಗೆ ಗೊತ್ತು. ಇದೇ ಊರುಗಳಲ್ಲಿ ಮನೆಯ ಅಡುಗೆಕೋಣೆಯಲ್ಲೇ ಅಲಂಕಾರದ ಕೇಕು ಮಾಡಿ ಮಾರಬೇಕೆನ್ನುವವರೂ ನಿಮ್ಮಲ್ಲಿ ಇರಬಹುದು. ಕೇಕು ಮಾಡುವುದನ್ನು ಕಲಿಯಬಹುದು. ಕಷ್ಟವಿರುವುದು ಬೆಲೆ ಹೇಳುವುದರಲ್ಲಿ.

"ಅಕ್ಕಾ, ಅರ್ಧ ಕೆಜಿ ಅಂದಮ್ಯಾಲ ರೇಟೂ ಅರ್ಧ ಆಗಬೇಕಲ್ರೀ?" ಎಂದು ಗಿರಾಕಿ ಕೇಳುತ್ತಾರೆ. ಪ್ರಶ್ನೆ ನ್ಯಾಯವಾಗಿಯೇ ಕಾಣುತ್ತದೆ. ಆದರೆ ರೇಖಾಗಣಿತ ಒಪ್ಪುವುದಿಲ್ಲ. ನಾಲ್ಕು ಅಂಗುಲ ಎತ್ತರದ ಎರಡು ದುಂಡು ಕೇಕುಗಳನ್ನು ತೆಗೆದುಕೊಳ್ಳಿ. ಒಂದರ ಅಡ್ಡಳತೆ 6 ಅಂಗುಲ, ಇನ್ನೊಂದರದು 8. ಚಿಕ್ಕದರ ಘನಗಾತ್ರ ದೊಡ್ಡದರ ನೂರಕ್ಕೆ 56ರಷ್ಟು. ಆದರೆ ಕ್ರೀಮು ಹಚ್ಚಬೇಕಾದ ಮೇಲ್ಮೈ, ಅಂದರೆ ನೆತ್ತಿ ಮತ್ತು ಸುತ್ತಿನ ಪಕ್ಕ ಸೇರಿ, ನೂರಕ್ಕೆ 69ರಷ್ಟು! ಹೆಸರು ಬರೆಯಲು, ಹೂವು ಬಿಡಿಸಲು ಹಿಡಿಯುವ ಸಮಯವಂತೂ ಎರಡಕ್ಕೂ ಹೆಚ್ಚುಕಡಿಮೆ ಒಂದೇ. ಆದ್ದರಿಂದ ಕೇಕನ್ನು ತೂಕದಿಂದ ಅಳೆಯಿರಿ, ಅಲಂಕಾರವನ್ನು ಗಂಟೆಯಿಂದ ಅಳೆಯಿರಿ.

ಒಂದು ಲೆಕ್ಕ ಹಿಡಿಯೋಣ. ಹಿಟ್ಟು, ಸಕ್ಕರೆ, ಮೊಟ್ಟೆ, ಕ್ರೀಮು ಸೇರಿ 240 ರೂಪಾಯಿ. ಡಬ್ಬಿ, ತಳದ ರಟ್ಟಿಗೆ 30, ಕರೆಂಟಿಗೆ 10. ಗಂಟೆಗೆ 60ರಂತೆ ಎರಡು ಗಂಟೆಯ ದುಡಿಮೆ 120. ಒಟ್ಟು 400. ಮನೆಯವರು ಮಾಡಿದ ಕೆಲಸಕ್ಕೆ ಕೂಲಿ ಏಕೆ ಎನ್ನುವವರಿದ್ದಾರೆ. ಇದು ನನಗೆ ಸರಿಕಾಣದ ಮಾತು. ಹೆಣ್ಣುಮಕ್ಕಳ ದುಡಿಮೆ ಲೆಕ್ಕದಿಂದ ಜಾರಿಹೋಗುವುದೇ ಹೀಗೆ. ಈಗ ಮಾರಿದ ಬೆಲೆಯಲ್ಲಿ ನೂರಕ್ಕೆ 20 ಲಾಭ ಬೇಕು. ಹಲವರು 400ಕ್ಕೆ 80 ಸೇರಿಸಿ 480 ಎನ್ನುತ್ತಾರೆ. ಆಗ ಸಿಗುವ ಲಾಭ ಬೆಲೆಯ ನೂರಕ್ಕೆ 17ನ್ನೂ ಮುಟ್ಟುವುದಿಲ್ಲ. 400ನ್ನು 0.8ರಿಂದ ಭಾಗಿಸಬೇಕು: 500 ರೂಪಾಯಿ.

ಗಿರಾಕಿಯ ಕೈಯಲ್ಲಿರುವುದು 400 ಮಾತ್ರವೇ? ಬೆಲೆ ಇಳಿಸಬೇಡಿ, ಕೆಲಸ ಇಳಿಸಿ. ಕೈಯಿಂದ ತಿದ್ದುವ ಸಕ್ಕರೆಯ ಗೊಂಬೆ ಬಿಟ್ಟು ನಳಿಗೆಯಿಂದ ಕ್ರೀಮಿನ ಹೂವು ಬಿಡಿಸಿದರೆ ಒಂದು ಗಂಟೆ, ಅಂದರೆ 60 ರೂಪಾಯಿ ಉಳಿಯಿತು, ಸಾಮಗ್ರಿಯಲ್ಲಿ 20. ವೆಚ್ಚ 320 ಆಯಿತು, 0.8ರಿಂದ ಭಾಗಿಸಿದರೆ ಬರುವುದು 400! ಹಣ ಎಷ್ಟಿದೆ ಎಂದು ಮೊದಲೇ ಕೇಳುವುದರಲ್ಲಿ ಸಂಕೋಚ ಬೇಡ. ಫೋಟೋ ನೋಡುವುದು ಆಮೇಲೆ. ಜನ ಹೆಚ್ಚಿದ್ದರೆ ಕತ್ತರಿಸಲು ಒಂದು ಚಿಕ್ಕ ಅಲಂಕಾರದ ಕೇಕು, ಹಂಚಲು ಸಾದಾ ಕೇಕು ಮಾಡಿಕೊಡಬಹುದು.

ಕೇಕಿನ ಮೇಲಿನ ಜಿ.ಎಸ್.ಟಿ. 2025ರ ಸೆಪ್ಟೆಂಬರ್ 22ರಿಂದ ನೂರಕ್ಕೆ 18ರಿಂದ 5ಕ್ಕೆ ಇಳಿದಿದೆ. ಆದರೆ ಜಿ.ಎಸ್.ಟಿ. ನೋಂದಣಿ ಇಲ್ಲದವರು ಬಿಲ್ಲಿನಲ್ಲಿ ತೆರಿಗೆ ಸೇರಿಸುವಂತಿಲ್ಲ.

ಇನ್ನು ನಮ್ಮ ಬಿಸಿಲು. ಬೆಣ್ಣೆ ಸುಮಾರು 32ರಿಂದ 35 ಡಿಗ್ರಿಯಲ್ಲೇ ಕರಗುತ್ತದೆ. ಕಲಬುರಗಿ ಸೀಮೆಯ ಮೇ ತಿಂಗಳು 40 ದಾಟುತ್ತದೆ. ವಾಡಿಯಲ್ಲಿ ಮಾಡಿದ ಕೇಕು ಜೀಪಿನಲ್ಲಿ ಚಿಂಚೋಳಿಗೆ ಹೋಗುವುದಾದರೆ ಸಾಗಣೆಯ ವೆಚ್ಚ, ದಾರಿಯಲ್ಲಿ ಕೆಟ್ಟರೆ ಯಾರ ಹೊಣೆ ಎಂಬುದು, ಎರಡನ್ನೂ ಮುಂಗಡ ಪಡೆಯುವಾಗಲೇ ಚೀಟಿಯಲ್ಲಿ ಬರೆದುಕೊಡಿ.